ಸೀಟಿನ ಪಟ್ಟಿಯ ಜತೆ ಆಸ್ಪತ್ರೆಯ ಲೆಕ್ಕವನ್ನೂ ಕೊಡಿ

ಮಾನ್ಯ ಸಂಪಾದಕರೇ,

ವೈದ್ಯಕೀಯ ಪ್ರವೇಶದ ನೀಟ್ ಫಲಿತಾಂಶ ಬಂದು, ಬೇಕಾದ ಕಾಲೇಜುಗಳನ್ನು ಕ್ರಮವಾಗಿ ನಮೂದಿಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿ ಶುರುವಾದರೆ ಸಾಕು, ಮನೆಗಳಲ್ಲಿ ಒಂದೇ ಚರ್ಚೆ: ಕಳೆದ ವರ್ಷದ ಕಟಾಫ್ ಎಷ್ಟಕ್ಕೆ ನಿಂತಿತು, ಶುಲ್ಕ ಎಷ್ಟು, ಹಾಸ್ಟೆಲ್ ಊಟ ಹೇಗೆ, ಊರಿಂದ ಎಷ್ಟು ದೂರ. ಆಸ್ಪತ್ರೆಯ ಮಾತು ಬರುವುದು ಕೊನೆಗೆ. ಬಂದರೂ ‘ಸಾವಿರ ಬೆಡ್ ಅಂತೆ’ ಎನ್ನುವಲ್ಲಿಗೆ ಮುಗಿಯುತ್ತದೆ. ಆದರೆ ಎಂಬಿಬಿಎಸ್‌ನಲ್ಲಿ ಎರಡನೇ ಹಂತದಿಂದಲೇ ವಾರ್ಡ್ ಪೋಸ್ಟಿಂಗ್ (ರೋಗಿಗಳ ಬಳಿಯ ಕಲಿಕೆ) ಶುರುವಾಗುತ್ತದೆ, ಕೊನೆಯ 12 ತಿಂಗಳ ಇಂಟರ್ನ್‌ಶಿಪ್ ಪೂರ್ತಿ ರೋಗಿಗಳ ನಡುವೆಯೇ ಕಳೆಯುತ್ತದೆ. ವೈದ್ಯಕೀಯ ಕಾಲೇಜುಗಳಲ್ಲಿ ಪಾಠ ಹೇಳುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಪೋಷಕರಿಗೆ ಕೆಲವು ಸೂಚನೆಗಳಿವೆ, ಸರ್ಕಾರಕ್ಕೆ ಒಂದು ಬೇಡಿಕೆ ಇದೆ.

ಮೊದಲಿಗೆ ಬೆಡ್ ಲೆಕ್ಕ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಮಾನದಂಡದಂತೆ ವರ್ಷಕ್ಕೆ 50 ಸೀಟಿರುವ ಕಾಲೇಜಿಗೆ 220 ಹಾಸಿಗೆ ಬೇಕು. 100 ಸೀಟಿಗೆ 420, 150ಕ್ಕೆ 605, 200ಕ್ಕೆ 800, 250ಕ್ಕೆ 900. ಭಾಗಿಸಿ ನೋಡಿ. 50 ಸೀಟಿನ ಕಾಲೇಜಿನಲ್ಲಿ ಒಂದು ಸೀಟಿಗೆ 4.4 ಹಾಸಿಗೆ, 250 ಸೀಟಿನಲ್ಲಿ 3.6. ಕಾಲೇಜು ದೊಡ್ಡದಾದಷ್ಟೂ ಒಬ್ಬ ವಿದ್ಯಾರ್ಥಿಯ ಪಾಲಿಗೆ ಬರುವ ಹಾಸಿಗೆ ಕಡಿಮೆ. ಹಾಗಾಗಿ ‘ದೊಡ್ಡ ಕಾಲೇಜು’ ಎಂದಾಗ ಸೀಟು ಹೆಚ್ಚಿದ್ದು ಯಾವಾಗ, ಆಗ ವಾರ್ಡೂ ಹೆಚ್ಚಿತೇ ಎಂದು ಕೇಳಬೇಕು. ಇರುವ ವಾರ್ಡಿಗೇ ನೂರು ವಿದ್ಯಾರ್ಥಿಗಳನ್ನು ಹೆಚ್ಚಿಗೆ ಬಿಟ್ಟರೆ ಒಂದು ಮಂಚದ ಸುತ್ತ ಇಪ್ಪತ್ತು ಜನ ನಿಲ್ಲುತ್ತಾರೆ. ಹಿಂದಿನ ಸಾಲಿನವರಿಗೆ ರೋಗಿಯ ಮುಖವೂ ಕಾಣದು, ಪ್ರಾಧ್ಯಾಪಕರ ಮಾತೂ ಕೇಳದು.

ಹಾಸಿಗೆ ಇದ್ದರೆ ಸಾಲದು, ವರ್ಷದ ಸರಾಸರಿಯಲ್ಲಿ ಶೇ 80ರಷ್ಟು ತುಂಬಿರಬೇಕು ಎಂದೂ ನಿಯಮವಿದೆ. ಕಾಗದದಲ್ಲಿ ಎಲ್ಲ ಕಡೆಯೂ ತುಂಬಿಯೇ ಇರುತ್ತದೆ! ತಪಾಸಣೆಯಲ್ಲಿ ಲಂಚ, ನಕಲಿ ಬೋಧಕರು, ಬಾಡಿಗೆ ರೋಗಿಗಳ ಆರೋಪದ ಮೇಲೆ ಸಿಬಿಐ 2025ರಲ್ಲಿ ಪ್ರಕರಣ ದಾಖಲಿಸಿದ್ದನ್ನು ಓದುಗರು ಪತ್ರಿಕೆಗಳಲ್ಲೇ ನೋಡಿದ್ದಾರೆ. ಆದ್ದರಿಂದ ಆಪ್ಷನ್ ಹಾಕುವ ಮೊದಲು ಒಮ್ಮೆ ಹೋಗಿ ಬರುವುದೇ ಮೇಲು. ಭಾನುವಾರ ಬೇಡ, ಹಬ್ಬದ ವಾರವೂ ಬೇಡ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಕಾಲೇಜಿನ ಆಡಳಿತ ಕಚೇರಿಗೆ ಹೋಗಬೇಡಿ, ಅಲ್ಲಿ ಸಿಗುವುದು ಬಣ್ಣದ ಬ್ರೋಷರ್ ಮಾತ್ರ. ನೇರವಾಗಿ ಹೊರರೋಗಿ ವಿಭಾಗದ ನೋಂದಣಿ ಕೌಂಟರಿನ ಹತ್ತಿರ ನಿಂತುಕೊಳ್ಳಿ. ಚೀಟಿ ಮಾಡಿಸಿಕೊಂಡು ಬರುವವರ ಕೈಯಲ್ಲಿರುವ ಓಪಿ ಚೀಟಿಯಲ್ಲಿ ಆ ದಿನದ ಕ್ರಮಸಂಖ್ಯೆ ಇರುತ್ತದೆ. ಹನ್ನೊಂದು ಗಂಟೆಗೆ ಆ ಸಂಖ್ಯೆ ನೂರೂ ದಾಟಿಲ್ಲ, ಜಾಲತಾಣ ಮಾತ್ರ ದಿನಕ್ಕೆ ಸಾವಿರ ಹೊರರೋಗಿಗಳು ಎನ್ನುತ್ತಿದೆ ಎಂದಾದರೆ ಬೇರೆ ಪುರಾವೆ ಬೇಕಿಲ್ಲ.

ನಂತರ ಜನರಲ್ ಮೆಡಿಸಿನ್ ವಾರ್ಡಿನ ಬಾಗಿಲಲ್ಲಿ ಒಂದು ನಿಮಿಷ ನಿಂತು ನೋಡಿ. ಕೇಸ್ ಶೀಟ್ ಮುಟ್ಟುವುದಾಗಲಿ, ರೋಗಿಗಳಿಗೆ ಪ್ರಶ್ನೆ ಹಾಕುವುದಾಗಲಿ ಬೇಡ, ಅದು ತಪ್ಪು. ಬರೀ ಕಣ್ಣಿಗೇ ಬೇಕಾದಷ್ಟು ತಿಳಿಯುತ್ತದೆ. ನಿಜವಾಗಿ ನಡೆಯುತ್ತಿರುವ ವಾರ್ಡಿನಲ್ಲಿ ಡ್ರಿಪ್ ಸ್ಟ್ಯಾಂಡುಗಳಿಗೆ ಬಾಟಲಿ ತೂಗಾಡುತ್ತಿರುತ್ತವೆ, ಮಂಚದ ಕೆಳಗೆ ಬುತ್ತಿ, ಚಾಪೆ, ಪ್ಲಾಸ್ಟಿಕ್ ಕೊಡ ಇರುತ್ತವೆ, ಕಾರಿಡಾರಿನಲ್ಲಿ ಸಂಬಂಧಿಕರು ಇರುತ್ತಾರೆ, ನರ್ಸ್ ಒಂದು ಕಡೆ ನಿಂತಿರುವುದಿಲ್ಲ. ಇನ್ನೊಂದು ಬಗೆಯ ವಾರ್ಡೂ ಉಂಟು. ಅಲ್ಲಿ ಹೊಸ ಬೆಡ್‌ಶೀಟ್, ಒಂದಕ್ಕೂ ಡ್ರಿಪ್ ಇಲ್ಲ. ‘ಸೊಂಟ ನೋವು’, ‘ಮಂಡಿ ನೋವು’ ಎಂದು ಶಿಬಿರದ ಬಸ್ಸಿನಲ್ಲಿ ಬಂದವರು ಮಂಚದ ಮೇಲೆ ಕೂತು ಹರಟುತ್ತಿರುತ್ತಾರೆ. ಉಚಿತ ಶಿಬಿರ ತಪ್ಪಲ್ಲ, ಅದರಿಂದ ಬಡವರಿಗೆ ಉಪಕಾರವೇ ಆಗುತ್ತದೆ. ಆದರೆ ಎದೆಯಲ್ಲಿ ನೀರು ತುಂಬಿದ್ದನ್ನು ಬೆರಳಿಂದ ತಟ್ಟಿ ಗುರುತಿಸುವುದನ್ನಾಗಲಿ, ದೊಡ್ಡದಾದ ಗುಲ್ಮವನ್ನು (ಸ್ಪ್ಲೀನ್) ಕೈಯಿಂದ ಮುಟ್ಟಿ ತಿಳಿಯುವುದನ್ನಾಗಲಿ ಅಂಥ ವಾರ್ಡಿನಲ್ಲಿ ಕಲಿಯಲಾಗದು. ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿ ಪರೀಕ್ಷಿಸಬೇಕಾದ ರೋಗಿಗಳು, ಅಂದರೆ ಲಾಂಗ್ ಕೇಸ್, ಶಾರ್ಟ್ ಕೇಸ್, ಬರುವುದೂ ಇದೇ ಸಾಮಾನ್ಯ ಕಾಯಿಲೆಗಳಿಂದ.

ಸೂಪರ್ ಸ್ಪೆಷಾಲಿಟಿ ಬ್ಲಾಕ್ ನೋಡಿ ಮನಸೋಲುವುದು ದೊಡ್ಡ ಮೋಸಕ್ಕೆ ದಾರಿ. ಕ್ಯಾಥ್ ಲ್ಯಾಬ್, ರೋಬೊಟಿಕ್ ಸರ್ಜರಿ, ಕಸಿ ವಿಭಾಗ ಎಲ್ಲ ಆಸ್ಪತ್ರೆಗೆ ಹೆಸರು ತರುತ್ತವೆ. ಎಂಬಿಬಿಎಸ್ ವಿದ್ಯಾರ್ಥಿಗೆ ಬೇಕಾದದ್ದು ಜ್ವರ, ರಕ್ತಹೀನತೆ, ಕ್ಷಯ, ಹರ್ನಿಯಾ, ಮಧುಮೇಹಿಯ ಕಾಲಿನ ಹುಣ್ಣು. ದುಡ್ಡು ಕೊಟ್ಟು ಸ್ಪೆಷಲ್ ವಾರ್ಡಿನಲ್ಲಿ ಮಲಗಿದವರು ‘ಹುಡುಗರು ಮುಟ್ಟುವುದು ಬೇಡ’ ಎನ್ನುತ್ತಾರೆ, ಅದು ಅವರ ಹಕ್ಕು. ಆದ್ದರಿಂದ ಖಾಸಗಿ ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆ ಒಟ್ಟು ಹಾಸಿಗೆ ಎಷ್ಟು ಎಂಬುದಲ್ಲ, ಉಚಿತ ಅಥವಾ ರಿಯಾಯಿತಿ ದರದ ಜನರಲ್ ವಾರ್ಡ್ ಹಾಸಿಗೆ ಎಷ್ಟು ಎಂಬುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಅಲ್ಲಿ ಎಷ್ಟು ಜನ ದಾಖಲಾಗುತ್ತಾರೆ ಎಂಬುದೂ ಒಳ್ಳೆಯ ಅಳತೆಗೋಲು.

ಒಂದೇ ಒಂದು ಅಂಕಿ ಕೇಳಲು ಅವಕಾಶ ಸಿಕ್ಕಿದರೆ ತಿಂಗಳಿಗೆ ಎಷ್ಟು ಹೆರಿಗೆ, ಅದರಲ್ಲಿ ಸಹಜ ಹೆರಿಗೆ ಎಷ್ಟು ಎಂದು ಕೇಳಿ. ಲೆಕ್ಕ ಹೀಗೆ ಬರುತ್ತದೆ. 2021ರ ಇಂಟರ್ನ್‌ಶಿಪ್ ನಿಯಮದಂತೆ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗಕ್ಕೆ ಕುಟುಂಬ ಕಲ್ಯಾಣವೂ ಸೇರಿ 7 ವಾರ. 150 ಇಂಟರ್ನ್‌ಗಳಿರುವ ಕಾಲೇಜಿನಲ್ಲಿ ಯಾವ ಹೊತ್ತಿಗೂ ಸುಮಾರು 20 ಜನ ಆ ವಿಭಾಗದಲ್ಲಿರುತ್ತಾರೆ. ತಿಂಗಳಿಗೆ 120 ಹೆರಿಗೆಯಾಗುವ ಆಸ್ಪತ್ರೆಯಲ್ಲಿ ಅರ್ಧ ಸಿಸೇರಿಯನ್ ಎಂದಿಟ್ಟುಕೊಂಡರೆ ಏಳು ವಾರಕ್ಕೆ ಸಿಗುವ ಸಹಜ ಹೆರಿಗೆ ನೂರರ ಒಳಗೆ. 20 ಜನಕ್ಕೆ ಹಂಚಿದರೆ ತಲೆಗೆ ಐದೂ ಇಲ್ಲ. ಅದರಲ್ಲಿ ಪಿಜಿಗಳು (ಸ್ನಾತಕೋತ್ತರ ವಿದ್ಯಾರ್ಥಿಗಳು) ಪಾಲು ಕೇಳುತ್ತಾರೆ, ನರ್ಸಿಂಗ್ ವಿದ್ಯಾರ್ಥಿಗಳಿಗೂ ಮಾಡಿದ ಕೆಲಸ ದಾಖಲಿಸುವ ತಮ್ಮ ಲಾಗ್‌ಬುಕ್ ತುಂಬಬೇಕು. ಕೊನೆಗೆ ಒಬ್ಬ ಇಂಟರ್ನ್ ಕೈಯಾರೆ ಮಾಡುವುದು ಒಂದೋ ಎರಡೋ. ಲಾಗ್‌ಬುಕ್ಕಿನಲ್ಲಿ ಮಾತ್ರ ಹತ್ತಕ್ಕೆ ಸಹಿ ಬಿದ್ದಿರುತ್ತದೆ. ಅದೇ ತಿಂಗಳಿಗೆ 600 ಹೆರಿಗೆಯ ಆಸ್ಪತ್ರೆಯಾದರೆ ಇದೇ ಲೆಕ್ಕದಲ್ಲಿ ತಲೆಗೆ 24 ಬರುತ್ತದೆ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿಗೋಷನ್‌ನಂಥ ಹಳೆಯ ಹೆರಿಗೆ ಆಸ್ಪತ್ರೆಗಳಲ್ಲಿ ಕಲಿತವರು ಮುಂದೆ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಹೆದರುವುದಿಲ್ಲ ಎಂಬ ಮಾತಿನ ಹಿಂದೆ ಇರುವುದು ಈ ಭಾಗಾಕಾರವೇ.

ತುರ್ತು ವಿಭಾಗಕ್ಕೆ ಇಂಟರ್ನ್‌ಶಿಪ್‌ನಲ್ಲಿ ಸಿಗುವುದು 2 ವಾರ, ವಿಧಿವಿಜ್ಞಾನಕ್ಕೆ 1 ವಾರ. ಇಷ್ಟು ಕಡಿಮೆ ಅವಧಿಯಲ್ಲಿ ಕಲಿಯಬೇಕಾದರೆ ಕೇಸುಗಳು ದಿನವೂ ಬರುತ್ತಿರಬೇಕು. ರಾತ್ರಿ ಒಂಬತ್ತರಿಂದ ಹನ್ನೊಂದರ ನಡುವೆ ಕ್ಯಾಶುವಾಲ್ಟಿ ಮುಂದೆ ಆಂಬುಲೆನ್ಸ್ ಬರುತ್ತವೆಯೇ ನೋಡಿ. ಅಪಘಾತ, ಕೀಟನಾಶಕ ಸೇವನೆ, ಹಾವು ಕಡಿತ ಹೆಚ್ಚಾಗಿ ಹೋಗುವುದು ಜಿಲ್ಲಾ ಆಸ್ಪತ್ರೆಗೆ. ಮರಣೋತ್ತರ ಪರೀಕ್ಷೆಯೂ ಬಹುಪಾಲು ಸರ್ಕಾರಿ ಶವಾಗಾರದಲ್ಲೇ. ಖಾಸಗಿ ಕಾಲೇಜಿನವರು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುತ್ತಾರೆಯೇ, ವರ್ಷಕ್ಕೆ ಎಷ್ಟು ಸಲ ಎಂದು ಸೀನಿಯರ್ ವಿದ್ಯಾರ್ಥಿಗಳನ್ನೇ ಕೇಳಿ ತಿಳಿದುಕೊಳ್ಳಿ.

ಹಾಗೆಂದು ಸರ್ಕಾರಿ ಎಂದರೆಲ್ಲ ಚಿನ್ನ ಎಂದೇನೂ ಅಲ್ಲ. ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಕಡೆ ರೋಗಿಗಳು ಹೇರಳ, ಜತೆಗೆ ಪಿಜಿಗಳೂ ಹೇರಳ. ಲಂಬರ್ ಪಂಕ್ಚರ್ (ಬೆನ್ನಿಗೆ ಸೂಜಿ ಹಾಕಿ ದ್ರವ ತೆಗೆಯುವುದು), ಎದೆಗೆ ಟ್ಯೂಬ್ ಹಾಕುವಂಥ ಕೆಲಸ ಪಿಜಿ ಕೈ ದಾಟಿ ಇಂಟರ್ನ್‌ಗೆ ಬರುವುದು ಅಪರೂಪ. ಇಂಟರ್ನ್ ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡುವುದರಲ್ಲೇ ದಿನ ಕಳೆಯುತ್ತಾನೆ. ಹಾವೇರಿ, ಯಾದಗಿರಿ, ಚಿಕ್ಕಮಗಳೂರು, ಚಿತ್ರದುರ್ಗದ ಹೊಸ ಕಾಲೇಜುಗಳಂಥ ಕಡೆ ಪಿಜಿ ಪೈಪೋಟಿ ಕಡಿಮೆ, ಕೈಗೆ ಕೆಲಸ ಸಿಗುವ ಸಾಧ್ಯತೆ ಹೆಚ್ಚು. ಅಲ್ಲಿ ವಿಚಾರಿಸಬೇಕಾದದ್ದು ಬೇರೆ: ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ ಹುದ್ದೆಗಳು ಎಷ್ಟು ಭರ್ತಿಯಾಗಿವೆ? ತಪ್ಪು ತಿದ್ದುವವರಿಲ್ಲದೆ ಕೈ ಪಳಗಿಸಿಕೊಂಡರೆ ತಪ್ಪೇ ಅಭ್ಯಾಸವಾಗುತ್ತದೆ. ನಮ್ಮನ್ನು ಕೇಳಿದರೆ, ಪಿಜಿ ಸೀಟು ಮಿತವಾಗಿದ್ದು ಬೋಧಕರು ಪೂರ್ತಿ ಇರುವ, ಜಿಲ್ಲಾ ಆಸ್ಪತ್ರೆಯನ್ನೇ ನೆಚ್ಚಿಕೊಂಡಿರುವ ಮಧ್ಯಮ ಗಾತ್ರದ ಕಾಲೇಜಿಗೆ ಪಟ್ಟಿಯಲ್ಲಿ ಮೇಲಿನ ಸ್ಥಾನ ಕೊಡುತ್ತೇವೆ.

ಖಾಸಗಿ ಕಾಲೇಜು, ಸರ್ಕಾರಿ ವಾರ್ಡು ಎಂಬ ಮೂರನೇ ಬಗೆಯೂ ನಮ್ಮಲ್ಲಿದೆ. ಮಂಗಳೂರಿನ ಖಾಸಗಿ ಕಾಲೇಜು ಕೆಎಂಸಿಗೆ ಸರ್ಕಾರಿ ಆಸ್ಪತ್ರೆಗಳಾದ ವೆನ್‌ಲಾಕ್ ಮತ್ತು ಲೇಡಿಗೋಷನ್, ದಾವಣಗೆರೆಯ ಖಾಸಗಿ ಕಾಲೇಜು ಜೆಜೆಎಂಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ನಂಟು ಹಳೆಯದು. (ಕೆಎಂಸಿ ಡೀಮ್ಡ್ ವಿಶ್ವವಿದ್ಯಾಲಯದ್ದು, ಅದರ ಸೀಟಿಗೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯಲ್ಲಿ (ಎಂಸಿಸಿ) ಆಪ್ಷನ್ ಹಾಕಬೇಕು.) ಇಂಥ ವ್ಯವಸ್ಥೆಯಲ್ಲಿ ಎರಡು ವಿಷಯ ಗಮನಿಸಬೇಕು. ಸರ್ಕಾರದ ಜತೆಗಿನ ಒಪ್ಪಂದ ಇನ್ನೆಷ್ಟು ವರ್ಷ ಇದೆ? ಅದೇ ಊರಲ್ಲಿ ಸರ್ಕಾರಿ ಕಾಲೇಜು ಬಂದರೆ ಜಿಲ್ಲಾ ಆಸ್ಪತ್ರೆ ಅದಕ್ಕೆ ಹೋಗುತ್ತದೆ, ಖಾಸಗಿಯವರು ತಮ್ಮ ಕಟ್ಟಡಕ್ಕೆ ಮರಳಬೇಕಾಗುತ್ತದೆ. ಎರಡನೆಯದು ದೂರ. ಬೆಳಗಿನ ಕ್ಲಿನಿಕ್ಸ್ (ವಾರ್ಡಿನ ಪಾಠ) ಮೂರು ಗಂಟೆಗಳ ಅವಧಿಯದು. ಕಾಲೇಜು ಬಸ್ಸು ಅರ್ಧ ಗಂಟೆ ತಡವಾಗಿ ತಲುಪಿ ಊಟಕ್ಕೆ ಅರ್ಧ ಗಂಟೆ ಮೊದಲೇ ಹೊರಟರೆ ಮೂರರಲ್ಲಿ ಒಂದು ಪಾಲು ಹೋಯಿತು.

ಹೊರ ರಾಜ್ಯದಿಂದ ಬರುವವರಿಗೂ, ಬೆಂಗಳೂರಲ್ಲಿ ಇಂಗ್ಲಿಷಲ್ಲೇ ಬೆಳೆದ ನಮ್ಮ ಮಕ್ಕಳಿಗೂ ಒಂದು ಮಾತು. ರೋಗದ ಇತಿಹಾಸವನ್ನು ರೋಗಿಯ ಭಾಷೆಯಲ್ಲೇ ಕೇಳಬೇಕು. ಕಲಬುರ್ಗಿ ಕಡೆಯ ಅಜ್ಜಿ ‘ದಮ್ಮು ಹತ್ತತೈತಿ’ (ಏದುಸಿರು ಬರುತ್ತದೆ) ಎಂದಾಗ ದಮ್ಮು ಮಲಗಿದಾಗಲೋ ನಡೆದಾಗಲೋ ಎಂದು ತಿರುಗಿ ಕೇಳಲು ಬರದಿದ್ದರೆ ಎಷ್ಟೇ ರೋಗಿಗಳಿದ್ದೂ ಉಪಯೋಗವಿಲ್ಲ. ಮಂಗಳೂರಿನಲ್ಲಿ ಕನ್ನಡದ ಜತೆ ತುಳು, ಬ್ಯಾರಿಯೂ ಬೇಕಾಗುತ್ತದೆ.

ವಿದೇಶದಲ್ಲಿ ಎಂಬಿಬಿಎಸ್ ಮುಗಿಸಿ ಎಫ್‌ಎಂಜಿಇ (ವಿದೇಶದಲ್ಲಿ ಓದಿದವರ ಅರ್ಹತಾ ಪರೀಕ್ಷೆ) ಪಾಸಾಗಿ ಇಲ್ಲಿ ಇಂಟರ್ನ್‌ಶಿಪ್‌ಗೆ ಆಸ್ಪತ್ರೆ ಹುಡುಕುವವರಿಗೆ ಮೇಲಿನ ಲೆಕ್ಕವೆಲ್ಲ ಇನ್ನೂ ಹೆಚ್ಚು ಅನ್ವಯ, ಏಕೆಂದರೆ ಅವರಲ್ಲಿ ಹಲವರಿಗೆ ರೋಗಿಯನ್ನು ಕೈಯಾರೆ ಪರೀಕ್ಷಿಸಲು ಸಿಗುವ ಮೊದಲ ಅವಕಾಶವೇ ಇದು. ಕಾಲೇಜಿನ ಒಟ್ಟು ಸೀಟಿನ ಶೇ 7.5ರಷ್ಟು ಮಾತ್ರ ಇವರಿಗೆ ಎಂದು ಆಯೋಗ 2022ರಲ್ಲಿ ಮಿತಿ ಹಾಕಿತು. ಇವರಿಂದ ಇಂಟರ್ನ್‌ಶಿಪ್‌ಗೆ ಶುಲ್ಕ ವಸೂಲಿ ಮಾಡುವಂತಿಲ್ಲ ಎಂದೂ ಅದೇ ಸುತ್ತೋಲೆ ಹೇಳಿತು. ಶುಲ್ಕ ಕೇಳಿದರೆ ರಸೀದಿ ಕೇಳಿ, ಲಿಖಿತವಾಗಿ ರಾಜ್ಯ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಿ.

ಇನ್ನು ಬೇಡಿಕೆ. ಒಬ್ಬ ತಂದೆಯೋ ತಾಯಿಯೋ ಹತ್ತಾರು ಆಸ್ಪತ್ರೆಗಳ ಬಾಗಿಲಲ್ಲಿ ನಿಂತು ಓಪಿ ಚೀಟಿ ಎಣಿಸುವ ಪರಿಸ್ಥಿತಿಯೇ ನಾಚಿಕೆಗೇಡು. ಪ್ರತಿ ಕಾಲೇಜೂ ತನ್ನ ಜಾಲತಾಣದಲ್ಲಿ ರೋಗಿಗಳ ಅಂಕಿಅಂಶ ಹಾಕಬೇಕು, ಕಾಲಕಾಲಕ್ಕೆ ಪರಿಷ್ಕರಿಸಬೇಕು ಎಂಬ ನಿಯಮ ಹಳೆಯದೇ. ಹಲವರ ಪುಟಗಳಲ್ಲಿ ಕಾಣುವುದು ಎರಡು ಮೂರು ವರ್ಷ ಹಿಂದಿನ ಅಂಕಿ, ಅದೂ ಸೊನ್ನೆಯಲ್ಲೇ ಮುಗಿಯುವ ದುಂಡು ಸಂಖ್ಯೆ. ಕಾಲೇಜು ಹೇಳಿದ್ದನ್ನು ಹಾಗೇ ನಂಬಬೇಕಾದ ಅಗತ್ಯವೂ ಸರ್ಕಾರಕ್ಕಿಲ್ಲ. ಆಸ್ಪತ್ರೆಯಲ್ಲಿ ಹುಟ್ಟುವ ಪ್ರತಿ ಮಗುವೂ ಸರ್ಕಾರದ ಜನನ ನೋಂದಣಿ ತಂತ್ರಾಂಶವಾದ ಇ-ಜನ್ಮದಲ್ಲಿ ನೋಂದಣಿಯಾಗುತ್ತದೆ. ಆರೋಗ್ಯ ಕರ್ನಾಟಕದಡಿ ದಾಖಲಾದ ಪ್ರತಿ ರೋಗಿಯ ಬಿಲ್ಲೂ ಆ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮುಂದೆ ಬರುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸ್ಥಳೀಯ ತಪಾಸಣಾ ಸಮಿತಿ ಸಂಯೋಜಿತ ಕಾಲೇಜುಗಳಿಗೆ ಹೋಗಿ ಬೋಧಕರನ್ನೂ ಹಾಸಿಗೆಗಳನ್ನೂ ಎಣಿಸಿ ವರದಿ ಕೊಡುತ್ತದೆ. ಮೂರೂ ಸರ್ಕಾರದ ಕೈಯಲ್ಲೇ ಇವೆ.

ಕೆಇಎ ಪ್ರಕಟಿಸುವ ಸೀಟು ಮತ್ತು ಶುಲ್ಕದ ಪಟ್ಟಿಯ ಪಕ್ಕದಲ್ಲೇ ಪ್ರತಿ ಕಾಲೇಜಿಗೆ ಐದು ಅಂಕಣ ಸೇರಿಸಲಿ: ಹಿಂದಿನ ವರ್ಷದ ಸಹಜ ಹೆರಿಗೆ ಮತ್ತು ಸಿಸೇರಿಯನ್, ಜನರಲ್ ವಾರ್ಡಿನ ಹಾಸಿಗೆ ಭರ್ತಿ ಪ್ರಮಾಣ, ಆರೋಗ್ಯ ಕರ್ನಾಟಕದಡಿಯ ದಾಖಲಾತಿ, ಮರಣೋತ್ತರ ಪರೀಕ್ಷೆಗಳ ಸಂಖ್ಯೆ, ಮಂಜೂರಾದ ಮತ್ತು ಭರ್ತಿಯಾದ ಬೋಧಕ ಹುದ್ದೆ. ರೋಗಿಗಳ ಹೆಸರು, ವಿವರ ಯಾವುದೂ ಬೇಕಿಲ್ಲ, ಒಟ್ಟು ಸಂಖ್ಯೆ ಸಾಕು. ನಿಜವಾದ ಸೀಟು ಹಂಚಿಕೆಗೆ ಮೊದಲು ನಡೆಯುವ ಅಣಕು ಹಂಚಿಕೆಯ ನಂತರ ಆಪ್ಷನ್ ಕ್ರಮ ಬದಲಿಸಲು ಅವಕಾಶ ಇರುವುದರಿಂದ ಆ ದಿನದೊಳಗೆ ಈ ಪಟ್ಟಿ ಕೈಗೆ ಸಿಕ್ಕರೆ ಜನ ಅದನ್ನು ಬಳಸಿಯೇ ಬಳಸುತ್ತಾರೆ. ವೈದ್ಯಕೀಯ ಶಿಕ್ಷಣ ಇಲಾಖೆ ಇದಕ್ಕೆ ಹೊಸ ಸಮಿತಿ ಮಾಡಬೇಕಿಲ್ಲ, ಮೂರು ಕಚೇರಿಗೆ ಮೂರು ಪತ್ರ ಬರೆದರೆ ಆಯಿತು.

— ಕೆಲವು ವೈದ್ಯಕೀಯ ಅಧ್ಯಾಪಕರು, ಹುಬ್ಬಳ್ಳಿ