ಡಿಸೆಂಬರ್ 10: ಹಂಸಾ ಮೆಹ್ತಾ ಮತ್ತು ಒಂದು ಪದ

ಮಾನ್ಯ ಪೋಷಕರೇ,

ನಮಸ್ಕಾರ. ಈ ಸಲದ ಮಾನವ ಹಕ್ಕುಗಳ ದಿನಕ್ಕೆ 8ರಿಂದ 10ನೇ ತರಗತಿಯ ಮಕ್ಕಳು ಹಂಸಾ ಮೆಹ್ತಾ ಅವರ ಬಗ್ಗೆ ಬರೆಯಲಿದ್ದಾರೆ. ದಯವಿಟ್ಟು ವೇಷಭೂಷಣ ಬಾಡಿಗೆಗೆ ತರಬೇಡಿ. ಪ್ರಿಂಟ್ ತೆಗೆಸಿ ಚಾರ್ಟಿಗೆ ಅಂಟಿಸುವುದೂ ಬೇಡ. ಒಂದು ಎ4 ಹಾಳೆ, ಮಗುವಿನದೇ ಕೈಬರಹ, ಅಷ್ಟು ಸಾಕು.

1897ರಲ್ಲಿ ಸೂರತ್‌ನಲ್ಲಿ ಹುಟ್ಟಿದ ಹಂಸಾ ಅವರು ಸಂವಿಧಾನ ಸಭೆಯ 15 ಮಹಿಳೆಯರಲ್ಲಿ ಒಬ್ಬರು. 1947ರ ಆಗಸ್ಟ್ 14ರ ಮಧ್ಯರಾತ್ರಿ ದೇಶದ ಮಹಿಳೆಯರ ಪರವಾಗಿ ಸಭೆಗೆ ರಾಷ್ಟ್ರಧ್ವಜ ಒಪ್ಪಿಸಿದವರು. ಮಕ್ಕಳು ಇಷ್ಟನ್ನೇ ಬಾಯಿಪಾಠ ಮಾಡಿ ಬಂದರೆ ಮುಖ್ಯವಾದದ್ದೇ ಕೈತಪ್ಪುತ್ತದೆ. ವಿಶ್ವಸಂಸ್ಥೆಯ ಅಂದಿನ ಮಾನವ ಹಕ್ಕುಗಳ ಆಯೋಗದ 18 ಸದಸ್ಯರಲ್ಲಿ ಮಹಿಳೆಯರು ಇಬ್ಬರೇ: ಅಧ್ಯಕ್ಷೆ ಎಲೀನರ್ ರೂಸ್‌ವೆಲ್ಟ್ ಮತ್ತು ಹಂಸಾ. ಆ ಆಯೋಗ ಸಿದ್ಧಪಡಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 1ನೇ ವಿಧಿಯ ಕರಡು ‘ಆಲ್ ಮೆನ್’ ಎಂದು ಶುರುವಾಗುತ್ತಿತ್ತು. ‘ಮೆನ್’ ಅಂದರೆ ಎಲ್ಲರೂ ಸೇರಿದಂತೆ ಎಂದೇ ರೂಸ್‌ವೆಲ್ಟ್ ತಿಳಿದಿದ್ದರು. ಹಂಸಾ ಒಪ್ಪಲಿಲ್ಲ. ಆ ಪದವನ್ನೇ ನೆಪ ಮಾಡಿಕೊಂಡು ಹೆಂಗಸರನ್ನು ಹೊರಗಿಡುವ ದೇಶಗಳಿರುತ್ತವೆ ಎಂಬುದು ಅವರ ವಾದ. ಕೊನೆಗೆ ಅದು ‘ಆಲ್ ಹ್ಯೂಮನ್ ಬೀಯಿಂಗ್ಸ್’ ಆಯಿತು. 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ 48 ದೇಶಗಳು ಘೋಷಣೆಯ ಪರವಾಗಿ ಮತ ಹಾಕಿದವು. ವಿರೋಧ ಒಂದೂ ಇಲ್ಲ, 8 ದೇಶ ತಟಸ್ಥ.

ಕನ್ನಡದಲ್ಲಿ ‘ಎಲ್ಲಾ ಮಾನವರೂ’ ಎಂದು ಓದಿದಾಗ ಈ ವ್ಯಾಜ್ಯ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಹಾಳೆಯ ಮೇಲ್ಭಾಗದಲ್ಲಿ ಎರಡೂ ಇಂಗ್ಲಿಷ್ ರೂಪಗಳನ್ನು ಒಂದರ ಕೆಳಗೊಂದು ಬರೆಸಿ. ಕೆಳಗೆ, ಮಗು ತಾನೇ ಕಂಡ ಒಂದು ಬೋರ್ಡು ಅಥವಾ ಅರ್ಜಿಯ ಪದ ಬರಲಿ. ರಸ್ತೆ ಅಗೆದಲ್ಲೆಲ್ಲ ‘ಮೆನ್ ಅಟ್ ವರ್ಕ್’ ಬೋರ್ಡು ಸಿಗುತ್ತದೆ. ಅದರ ಪಕ್ಕದಲ್ಲೇ ಬಾಂಡ್ಲಿಯಲ್ಲಿ ಜಲ್ಲಿ ಹೊರುವ ಹೆಂಗಸರೂ ಇರುತ್ತಾರೆ. ಕನ್ನಡದ ‘ಕಾಮಗಾರಿ ನಡೆಯುತ್ತಿದೆ’ಗೆ ಆ ತೊಂದರೆ ಇಲ್ಲ. ಪಡಿತರ ಚೀಟಿಯನ್ನೂ ತೋರಿಸಿ: 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ 18 ತುಂಬಿದ ಹಿರಿಯ ಮಹಿಳೆಯೇ ಅದರಲ್ಲಿ ಕುಟುಂಬದ ಮುಖ್ಯಸ್ಥೆ. ನಮ್ಮ ಶಾಲೆಯ ಅರ್ಜಿಗಳನ್ನೂ ಬಿಡಬೇಕಾಗಿಲ್ಲ. ಮಕ್ಕಳು ತಪ್ಪು ತೋರಿಸಿದರೆ ತಿದ್ದುತ್ತೇವೆ.

ಎರಡು ಕಡೆ ಮಕ್ಕಳು ಎಡವುತ್ತಾರೆ. ಘೋಷಣೆಯ 1ನೇ ವಿಧಿಯೇ ಬೇರೆ, ನಮ್ಮ ಸಂವಿಧಾನದ 1ನೇ ವಿಧಿಯೇ ಬೇರೆ. ಸಮಾನತೆಯ ಹಕ್ಕು ಸಂವಿಧಾನದಲ್ಲಿ 14ನೇ ವಿಧಿಯಿಂದ ಶುರು. ಇನ್ನು, 30 ವಿಧಿಗಳ ಆ ಘೋಷಣೆಯನ್ನು ಹಂಸಾ ಒಬ್ಬರೇ ಬರೆದರು ಎನ್ನುವುದು ಸರಿಯಲ್ಲ.

ಹಾಳೆ ಡಿಸೆಂಬರ್ 8ರೊಳಗೆ ತರಗತಿ ಶಿಕ್ಷಕರ ಕೈ ಸೇರಲಿ. ಬೋರ್ಡಿನ ಫೋಟೋ ಅಂಟಿಸುವುದಾದರೆ ಅದರಲ್ಲಿ ಯಾರ ಮುಖವೂ ಬರದಂತೆ ನೋಡಿಕೊಳ್ಳಿ.

ಇಂತಿ,
ಮುಖ್ಯೋಪಾಧ್ಯಾಯಿನಿ
ಬೆಂಗಳೂರು