ಖಾಲಿ ಡಬ್ಬಿ ತೋರಿಸಿಕೊಟ್ಟವರಿಗೆ ಧನ್ಯವಾದ

ಗಣಿತದಲ್ಲಿ ಗಣ (ಸೆಟ್) ಅಂದರೆ ಅಂಶಗಳ ಗುಂಪು. ಏನೂ ಇಲ್ಲದ ಶೂನ್ಯ ಗಣಕ್ಕೂ ಸೊನ್ನೆ ಇರುವ ಗಣಕ್ಕೂ ಏನು ವ್ಯತ್ಯಾಸ ಅಂತ ತರಗತಿಯಲ್ಲಿ ಮಕ್ಕಳು ಕೇಳಿದಾಗ ನಾನು ತಡವರಿಸಿದ್ದೆ. ನಿಮ್ಮ ಹೆಸರು ಕೂಡ ನನಗೆ ಗೊತ್ತಿಲ್ಲ, ಆದರೂ ಕೂತು ಎರಡು ಡಬ್ಬಿ ಇಟ್ಟು ತೋರಿಸಿದಿರಿ. ಒಂದು ಪೂರ್ತಿ ಖಾಲಿ, ಇನ್ನೊಂದರೊಳಗೆ 0 ಅಂತ ಬರೆದ ಚೀಟಿ. ಮೊದಲನೆಯದರಲ್ಲಿ ಅಂಶವೇ ಇಲ್ಲ, ಎರಡನೆಯದರಲ್ಲಿ ಒಂದು ಅಂಶ ಇದೆ, ಅಷ್ಟೇ ಅಲ್ವಾ! ಮರುದಿನ ತರಗತಿಯಲ್ಲಿ ಅದನ್ನೇ ಮಾಡಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು, ಖಾಲಿ ಡಬ್ಬಿಯನ್ನು ಇನ್ನೊಂದು ದೊಡ್ಡ ಡಬ್ಬಿಯೊಳಗೆ ಇಟ್ಟು, 'ಈಗ ದೊಡ್ಡದು ಖಾಲಿನಾ?' ಅಂತ ಕೇಳಿದಳು. ನನಗೆ ಜಾಸ್ತಿ ಖುಷಿ ಆಗಿದ್ದು ಅಲ್ಲೇ. 3 ಅಂಶಗಳ ಗಣಕ್ಕೆ 8 ಉಪಗಣಗಳು (ಆ ಅಂಶಗಳಿಂದಲೇ ಆರಿಸಿ ಮಾಡುವ ಗಣಗಳು) ಯಾಕೆ ಅನ್ನುವುದನ್ನೂ, ನೀವು ಹೇಳಿದ ಹಾಗೆ ಪ್ರತಿ ಅಂಶಕ್ಕೂ 'ಒಳಗೋ ಹೊರಗೋ' ಅಂತ ಕೇಳಿಕೊಳ್ಳುತ್ತಾ ಅವರೇ ಎಣಿಸಿದರು, ಶೂನ್ಯ ಗಣವನ್ನೂ ಮರೆಯದೆ. ತುಂಬಾ ತುಂಬಾ ಧನ್ಯವಾದ.