ಡಿಜೋನ್‌ನಲ್ಲಿ ಗೂಬೆಯ ಹಿಂದೆ

ಪ್ರೀತಿಯ ಮಂಜು,

ಪ್ಯಾರಿಸ್‌ನಲ್ಲಿ ಆಫೀಸ್ ಕೆಲಸ ಮುಗಿದ ಮೇಲೆ ಒಂದು ದಿನ ಬಿಡುವಿದೆ, ಎಲ್ಲಿಗೆ ಹೋಗಲಿ ಅಂತ ಕೇಳಿದ್ದೆಯಲ್ಲ. ಡಿಜೋನ್‌ಗೆ ಹೋಗು. ಬೆಳಿಗ್ಗೆ ಗಾರ್ ದ ಲಿಯೋನ್ ಸ್ಟೇಷನ್ನಿನಲ್ಲಿ ಟಿಜಿವಿ (ಫ್ರಾನ್ಸಿನ ಅತಿ ವೇಗದ ರೈಲು) ಹತ್ತಿದರೆ ಒಂದೂಮುಕ್ಕಾಲು ಗಂಟೆಯೊಳಗೆ ಅಲ್ಲಿರುತ್ತೀಯ. ಗೈಡ್ ಬೇಡ, ಗ್ರೂಪ್ ಟೂರ್ ಬೇಡ. ಫೋನ್ ಕೂಡ ಜೇಬಿನಲ್ಲೇ ಇರಲಿ.

ಯಾಕೆಂದರೆ ದಾರಿ ನೆಲದಲ್ಲೇ ಇದೆ. ಕಲ್ಲುಹಾಸಿನ ನಡುವೆ ಪುಟ್ಟ ಹಿತ್ತಾಳೆ ಬಾಣಗಳನ್ನು ಕೂರಿಸಿದ್ದಾರೆ. ಎಲ್ಲದರ ಮೇಲೂ ಒಂದು ಗೂಬೆ. ನೋಡಬೇಕಾದ ಜಾಗ ಬಂದಾಗ ನಂಬರ್ ಹಾಕಿದ ಬಿಲ್ಲೆ ಸಿಗುತ್ತದೆ. ಒಟ್ಟು 22. ಮೊದಲನೆಯದು ಸ್ಟೇಷನ್ ಹತ್ತಿರದ ಡಾರ್ಸಿ ಪಾರ್ಕಿನಲ್ಲಿದೆ. ಅಲ್ಲಿ ಕಲ್ಲಿನ ಬಿಳಿ ಕರಡಿಯ ಜೊತೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ನೀನೂ ತೆಗೆಸಿಕೋ. ಆಮೇಲೆ ಬರುವುದು ಬರೀ ಅಂಗಡಿ ಬೀದಿ. ಬೇಗ ದಾಟು.

ನಿನ್ನ ಟೈಮೆಲ್ಲ ನೋತ್ರ್ ದಾಮ್ ಚರ್ಚಿಗಿರಲಿ. 13ನೇ ಶತಮಾನದ್ದು. ಮುಂಭಾಗದಲ್ಲಿ ಮೂರು ಸಾಲು ವಿಕಾರ ಮುಖಗಳು, ಕುತ್ತಿಗೆ ಚಾಚಿ ನಿನ್ನನ್ನೇ ನೋಡುತ್ತವೆ. ಅದಕ್ಕೊಂದು ಕಥೆಯಿದೆ. 1240ರ ಸುಮಾರಿಗೆ ಒಬ್ಬ ಬಡ್ಡಿ ವ್ಯಾಪಾರಿ ಮದುವೆಯಾಗಲು ಈ ಬಾಗಿಲಿಗೆ ಬಂದನಂತೆ. ಮೇಲಿನಿಂದ ಕಲ್ಲಿನ ಬೊಂಬೆಯೊಂದು ಕಳಚಿ ಬಿದ್ದು ಅಲ್ಲೇ ಸತ್ತ. ಬಿದ್ದ ಬೊಂಬೆಯೂ ಬಡ್ಡಿ ವ್ಯಾಪಾರಿಯದೇ! ಊರಿನ ಉಳಿದ ಬಡ್ಡಿಯವರೆಲ್ಲ ಹೆದರಿ ಮುಂಭಾಗದ ಬೊಂಬೆಗಳನ್ನೇ ಕೀಳಿಸಿದರಂತೆ. ಮೀಟರ್ ಬಡ್ಡಿಯವರ ಕೈ ಎಲ್ಲಾ ಕಾಲದಲ್ಲೂ ಉದ್ದವೇ, ಅಲ್ವಾ? ಈಗಿರುವ ಮುಖಗಳು 19ನೇ ಶತಮಾನದ ಕೊನೆಯಲ್ಲಿ ಕೂರಿಸಿದವು. ಮಳೆ ನೀರು ಹೊರಹಾಕುವ ಕೆಲಸವೂ ಅವಕ್ಕಿಲ್ಲ, ಸುಮ್ನೆ ಶೋಕಿಗೆ.

ಅಲ್ಲಿಂದಲೇ ತಲೆ ಎತ್ತಿ ಗಡಿಯಾರ ನೋಡು. 1382ರಲ್ಲಿ ಈ ಸೀಮೆಯನ್ನಾಳುತ್ತಿದ್ದ ಬರ್ಗಂಡಿಯ ಡ್ಯೂಕ್ ಫಿಲಿಪ್ ಫ್ಲಾಂಡರ್ಸ್‌ನ (ಈಗಿನ ಬೆಲ್ಜಿಯಂ) ಕೋರ್ಟ್ರೈ ಊರನ್ನು ಲೂಟಿ ಮಾಡಿ ಹೊತ್ತು ತಂದದ್ದು. ಗಂಟೆ ಹೊಡೆಯುವ ಬೊಂಬೆಯ ಹೆಸರು ಜಾಕ್‌ಮಾರ್. ಪಾಪ, ಒಂಟಿ. 1651ರಲ್ಲಿ ಅವನಿಗೊಬ್ಬಳು ಹೆಂಡತಿಯನ್ನು ತಂದರು. 1714ರಲ್ಲಿ ಮಗ ಬಂದ, ಮಗಳು ಬಂದದ್ದು 1884ರಲ್ಲಿ. ಅಂತೂ ಸಂಸಾರ ದೊಡ್ಡದಾಯಿತು.

ಈಗ ಚರ್ಚಿನ ಪಕ್ಕದ ಓಣಿಗೆ ತಿರುಗು. ಕೈ ಎತ್ತಿದರೆ ಸಿಗುವಷ್ಟು ಎತ್ತರದಲ್ಲಿ, ಗೋಡೆಯ ಮೂಲೆಯಲ್ಲಿ ಕಲ್ಲಿನ ಅಸಲಿ ಗೂಬೆ ಕೂತಿದೆ. ಕಣ್ಣಿಲ್ಲ, ಕೊಕ್ಕಿಲ್ಲ, ಜನ ಸವರಿ ಸವರಿ ಸೋಪಿನ ಚೂರಿನ ಹಾಗೆ ನುಣುಪಾಗಿದೆ. 2001ರಲ್ಲಿ ಯಾರೋ ಪುಣ್ಯಾತ್ಮ ಸುತ್ತಿಗೆಯಿಂದ ಹೊಡೆದಿದ್ದ, ರಿಪೇರಿ ಮಾಡಿಸಿದ್ದಾರೆ. ಎಡಗೈಯಲ್ಲೇ ಮುಟ್ಟಿ ಮನಸ್ಸಿನಲ್ಲಿ ಏನಾದರೂ ಬೇಡಿಕೊಳ್ಳಬೇಕು, ಹೃದಯ ಇರುವುದು ಆ ಕಡೆ ಅಂತ. ನಮ್ಮ ಅಜ್ಜಿ ಇದ್ದಿದ್ದರೆ ಏನನ್ನುತ್ತಿದ್ದಳೋ! ಗೂಬೆ ಮನೆ ಮೇಲೆ ಕೂತರೆ ಶಾಂತಿ ಮಾಡಿಸುವವರು ನಾವು. ಅದರ ಮೇಲೆ ಎಡಗೈ ಬೇರೆ. ನನ್ನ ಬಲಗೈ ತಾನಾಗಿ ಮುಂದೆ ಹೋಗಿತ್ತು, ಹಿಂದಿದ್ದ ಹೆಂಗಸೊಬ್ಬರು ಬೇಡ ಬೇಡ ಎಂದು ಸನ್ನೆ ಮಾಡಿದರು. ಅದೇ ಓಣಿಯಲ್ಲಿ 1483ರ ಮರದ ಚೌಕಟ್ಟಿನ ಮನೆಯೊಂದು ಇನ್ನೂ ಗಟ್ಟಿಯಾಗಿ ನಿಂತಿದೆ.

ಡ್ಯೂಕ್‌ಗಳ ಅರಮನೆಯಲ್ಲಿ ಮ್ಯೂಸಿಯಂ ಇದೆ, ಟಿಕೆಟ್ ಇಲ್ಲ. ಗಡಿಯಾರ ಕದ್ದು ತಂದ ಫಿಲಿಪ್‌ನ ಸಮಾಧಿ ಅಲ್ಲೇ ಇದೆ. ಮೇಲೆ ಮಲಗಿದ ಅವನಿಗಿಂತ ಕೆಳಗೆ ಸುತ್ತ ನಡೆಯುವ ಅಳುವವರ ಸಣ್ಣ ಬೊಂಬೆಗಳನ್ನು ನೋಡು. ಮೊಣಕಾಲೂರಿ ಕೂತರೇ ಸರಿಯಾಗಿ ಕಾಣುವುದು. ಒಬ್ಬ ಕಣ್ಣೊರೆಸಿಕೊಳ್ಳುತ್ತಾನೆ, ಒಬ್ಬ ಪುಸ್ತಕ ಹಿಡಿದಿದ್ದಾನೆ, ಒಬ್ಬನಿಗೆ ಮುಖವೇ ಕಾಣದಷ್ಟು ಮುಸುಕು. ಪಕ್ಕದ ಗೋಪುರಕ್ಕೆ 316 ಮೆಟ್ಟಿಲು. ಗೈಡ್ ಬೇಡ ಅಂದೆನಲ್ಲ, ಇದೊಂದಕ್ಕೆ ಬೇಕು. ಗೈಡ್ ಇಲ್ಲದೆ ಹತ್ತಲು ಬಿಡುವುದಿಲ್ಲ, ಮೊದಲೇ ಬುಕ್ ಮಾಡು. ಮೊಣಕಾಲು ನೋವಿದ್ದರೆ ಬಿಟ್ಟುಬಿಡು.

ಮಂಗಳವಾರ ಮ್ಯೂಸಿಯಂಗೆ ರಜೆ. ಶುಕ್ರವಾರ ಇಲ್ಲವೇ ಶನಿವಾರ ಹೋದರೆ ಬೆಳಿಗ್ಗೆ ಕಬ್ಬಿಣದ ಕಂಬಗಳ ದೊಡ್ಡ ಮಾರ್ಕೆಟ್ಟೂ ತೆರೆದಿರುತ್ತದೆ. ಗಿಣ್ಣಿನ ಅಂಗಡಿ ಅಂದುಕೊಂಡು ನುಗ್ಗಬೇಡ, ಅದು ಚೀಸು, ವಾಸನೆ ಜೋರು.

ಬರುವಾಗ ನನಗೊಂದು ಬಾಟಲಿ ಡಿಜೋನ್ ಸಾಸಿವೆ ತಾ. ಅದರ ಸಾಸಿವೆ ಕಾಳು ಹೆಚ್ಚಾಗಿ ಬರುತ್ತಿದ್ದದ್ದು ಕೆನಡಾದಿಂದ. ಅಲ್ಲಿ 2021ರಲ್ಲಿ ಬರ ಬಂದು, ಮರುವರ್ಷ ಫ್ರಾನ್ಸಿನ ಅಂಗಡಿಗಳಲ್ಲೇ ಬಾಟಲಿ ಸಿಗದ ಹಾಗಾಗಿತ್ತು. ಆದರೂ ರುಚಿ ಬೇರೆಯೇ ಕಣೋ, ಚಪಾತಿಗೂ ನಡೆಯುತ್ತದೆ. ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟರೆ ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ, ಚೆಕ್-ಇನ್ ಲಗೇಜಿಗೆ ಹಾಕು.

ನಿನ್ನ,
ರವಿ